ಶನಿವಾರದ ಕೊನೆಯ ಚೌಕ

ದಕ್ಕೆಯಿಂದ ದೋಣಿ ದಾಟಿದರೆ ಬೆಂಗ್ರೆ, ಅಲ್ಲಿ ನಮ್ಮ ಶಾಲೆ.
ಹನ್ನೆರಡು ವರ್ಷದಿಂದ ವೇಳಾಪಟ್ಟಿ ಬರೆಯುವವಳು ನಾನೇ;
ಗಣಿತದವರಿಗೆ ಗೆರೆ ಓರೆ ಹೋಗುವುದಿಲ್ಲವಂತೆ.
ಮರದ ಸ್ಕೇಲು, ಮೂರು ಬಣ್ಣದ ಪೆನ್ನು,
ಎಲ್ಲರಿಗೂ ಅವರವರ ಚೌಕ.
ದಸರಾ ರಜೆ ಮುಗಿದದ್ದೇ ಪಿ.ಟಿ. ಮಾಸ್ಟ್ರಿಗೆ ಬಂಟ್ವಾಳಕ್ಕೆ ವರ್ಗವಾಗಿ
ಒಂದು ಖಾಲಿ ಉಳಿಯಿತು:
ಹತ್ತನೇ ಬಿ, ಶನಿವಾರ, ಕೊನೆಯ ಪೀರಿಯಡ್.

"ಎಂತಾದರೂ ತುಂಬಿಸಿ ಟೀಚರ್," ಎಂದರು ಹೆಡ್‌ಮಾಸ್ಟ್ರು,
"ತಪಾಸಣೆಗೆ ಬರುವವರಿದ್ದಾರೆ.
ಹಲ್ಲು ಬಿದ್ದ ಬಾಯಿಯ ಹಾಗೆ ಕಾಣ್ತದೆ."

ಎಂತ ತುಂಬಿಸುವುದು?

ಇದೇ ಮಕ್ಕಳಿಗೆ ಹೋದ ವರ್ಷ ಲೆಕ್ಕ ಕೊಟ್ಟಿದ್ದೆ:
ದೋಣಿಯ ವೇಗ ಗಂಟೆಗೆ ಹನ್ನೊಂದು ಕಿಲೋಮೀಟರ್,
ಹೊಳೆಯದ್ದು ಮೂರು.
ಹರಿವಿಗೆದುರಾಗಿ ಹದಿನಾರು ಹೋಗಲು ಎಷ್ಟು ಹೊತ್ತು?
ಯಕ್ಷಿತ್ ಮೆಂಡನ್ ಎಲ್ಲರಿಗಿಂತ ಮೊದಲು ಕೈ ಎತ್ತಿದ್ದ.
ಎರಡು ಗಂಟೆ. ನಾಲ್ಕಕ್ಕೆ ನಾಲ್ಕು.
ಪಕ್ಕದಲ್ಲಿ ನನ್ನದೇ ಕೆಂಪು ಅಕ್ಷರ: ಗುಡ್.
ಲೆಕ್ಕದ ದೋಣಿಯಿಂದ ಯಾರೂ ನೀರಿಗೆ ಬೀಳುವುದಿಲ್ಲ.

ಡಿಸೆಂಬರಿನ ಒಂದು ಆದಿತ್ಯವಾರ, ಅಳಿವೆಯ ಹತ್ತಿರ,
ಇಳಿತದ ಹೊತ್ತಿಗೆ,
ಒಂದು ಚೆಂಡಿನ ಹಿಂದೆ.
ಎರಡು ಗಂಟೆ ಬೇಕಾಗಲಿಲ್ಲ.

ಸೋಮವಾರ ಹಾಜರಿ ಕರೆದೆ.
ಇಪ್ಪತ್ತೊಂಬತ್ತು, ಮುಫೀದ್. ಮೂವತ್ತು...
ಬುದ್ಧಿಗಿಂತ ನಾಲಿಗೆ ಒಂದು ಹೆಜ್ಜೆ ಮುಂದೆ:
"ಯಕ್ಷಿತ್."
ಫ್ಯಾನಿನ ಕಟಕಟ.
ಆಮೇಲೆ, ಆಗಷ್ಟೇ ಕೂತಿದ್ದ ಮುಫೀದ್
ಇನ್ನೊಮ್ಮೆ ಎದ್ದು ನಿಂತ: "ಯಸ್ ಟೀಚರ್."
ನಾನು ಹಾಜರಿ ಹಾಕಿದೆ.
ಆ ಪುಟ ಈಗಲೂ ಕಪಾಟಿನಲ್ಲಿ ಉಂಟು.
ಕೇಳಿದವರಿಗೆ ಕೈತಪ್ಪು ಎಂದಿದ್ದೇನೆ.

ಬಿ.ಎಡ್‌ಗೆ ಮಕ್ಕಳ ಮನಶ್ಶಾಸ್ತ್ರ ಅಂತ ದಪ್ಪ ಪುಸ್ತಕ ಓದಿದವಳು.
ತೀರಿಹೋದವನ ಹೆಸರಿನಿಂದ ಮುಂದಿನ ಹೆಸರಿಗೆ
ಎಷ್ಟು ಉಸಿರು ಬಿಟ್ಟು ಹೋಗಬೇಕು,
ಅದು ಯಾವ ಪಾಠದಲ್ಲೂ ಇರಲಿಲ್ಲ.

ಚೌಕದಲ್ಲಿ ಪೆನ್ಸಿಲಿನಿಂದ ಬರೆದೆ: ನೀರು.

ದೋಣಿಯ ಮೋನಾಕ ಐದನೇ ಕ್ಲಾಸಿಗೆ ಶಾಲೆ ಬಿಟ್ಟವರು.
ಹೊಯಿಗೆಯಲ್ಲಿ ಕೋಲಿನಿಂದ ಗೆರೆ ಎಳೆದರು, ಒಂದೂ ನೇರವಿಲ್ಲ.
"ಎಳೆದರೆ ಎದುರು ಈಜಬೇಡಿ. ನೀರಿನೊಟ್ಟಿಗೆ ಹಠ ಎಂತಕ್ಕೆ?
ಅಡ್ಡಕ್ಕೆ ಹೋಗಿ. ಅದಕ್ಕೆ ಸಾಕಾದ ಕಡೆ ಬಿಡ್ತದೆ.
ಮತ್ತೆ ಬೊಬ್ಬೆ ಹಾಕಿ.
ಬೊಬ್ಬೆಗೆ ನಾಚಿಕೆ ಮಾಡುವವರೇ ಮೊದಲು ಮುಳುಗುವುದು."
ಅದನ್ನು ಎರಡು ಸಲ ಬರೆದುಕೊಂಡೆ.
ನನಗೆ ಈ ಮಾತು ಇಪ್ಪತ್ತಾರರಲ್ಲಿ ಸಿಕ್ಕಿದ್ದರೆ,
ಆ ಮನೆಯಲ್ಲಿ, ಆ ಮೂರು ವರ್ಷ...
ಇರಲಿ.

ಅವತ್ತು ಬೊಬ್ಬೆ ಹಾಕುವುದು ಕಲಿತೆವು.
ಹುಡುಗಿಯರಿಗೆ ಹೊತ್ತು ಹಿಡಿಯಿತು.
ಮೂರನೇ ಸಲಕ್ಕೆ ಸಫ್ರೀನಾಳ ಸ್ವರ ಹೊಳೆ ದಾಟಿ
ದಕ್ಕೆಯಲ್ಲಿ ಐಸು ಇಳಿಸುತ್ತಿದ್ದವರು ತಲೆ ಎತ್ತಿದರು.

ತಪಾಸಣೆಯವರು ಬಂದರು. ಚೌಕದ ಮೇಲೆ ಬೆರಳಿಟ್ಟರು.
"ಇದಕ್ಕೆ ಪಠ್ಯಪುಸ್ತಕ?"
"ಇನ್ನೂ ಬಂದಿಲ್ಲ ಸರ್."
"ಪರೀಕ್ಷೆ?"
"ಅದು ಹೇಳದೆ ಬರ್ತದೆ ಸರ್."
ಅವರು ಏನೋ ಗೀಚಿದರು, ಗಡಿಯಾರ ನೋಡಿದರು.
ದೋಣಿಯಲ್ಲಿ ಇಬ್ಬರೂ ಹಲಗೆಯನ್ನು ಬಿಗಿಯಾಗಿ ಹಿಡಿದಿದ್ದೆವು.
ದಿನಾ ದಾಟುವ ನನಗೂ ಈಜು ಬರುವುದಿಲ್ಲ.

ಮುಫೀದ್ ಮಾತ್ರ ನೀರಿಗಿಳಿದಿರಲಿಲ್ಲ.
ಮೂರು ಶನಿವಾರ ಎಲ್ಲರ ಚಪ್ಪಲಿ ಕಾಯುತ್ತ ಕೂತ.
ಮೋನಾಕ ಕರೆಯಲಿಲ್ಲ, ಹತ್ತಿರ ಕೂತು
ಬಲೆಯ ಹರಕು ಹೊಲಿಯುತ್ತಿದ್ದರು.
ಹೀಗೆ ಕೂರುವುದಕ್ಕೆ ಎಷ್ಟು ಅಂಕ?

ನಾಲ್ಕನೇ ಶನಿವಾರ ಅವನೇ ಕೇಳಿದ,
"ಟೀಚರ್, ಇಲ್ಲಿ ಎಷ್ಟು ಆಳ ಉಂಟು?"
"ಗೊತ್ತಿಲ್ಲ ಮಾರಾಯ," ಎಂದೆ.
ಸೀರೆಯ ನೆರಿಗೆ ಸೊಂಟಕ್ಕೆ ಸಿಕ್ಕಿಸಿಕೊಂಡೆ.
ಅವನು ಒಂದು ಚಪ್ಪಲಿ ಬಿಚ್ಚಿದ.